ಬೇರೆ ಊರಿನಲ್ಲಿ ಓದುವ ಮಕ್ಕಳ ಜಮಾ–ಖರ್ಚು





ಯಾರಿಂದ ಎಷ್ಟು ಬಂತು, ಯಾವುದಕ್ಕೆ ಎಷ್ಟು ಹೋಯಿತು ಎಂಬ ಲೆಕ್ಕ ಟ್ರಸ್ಟಿನ ವಾರ್ಷಿಕ ವರದಿಯಲ್ಲಿ ಪ್ರತಿ ವರ್ಷವೂ ಇರುತ್ತದೆ. ಆ ಹಣ ವಿದ್ಯಾರ್ಥಿಯ ಕೈ ಸೇರಿದ ಮೇಲೆ ಅದರಲ್ಲಿ ಹನ್ನೆರಡು ತಿಂಗಳು ಹೇಗೆ ನಡೆಯಬೇಕು ಎಂಬುದು ಇನ್ನೊಂದು ಲೆಕ್ಕ. ಅದನ್ನು ಈ ಸಲ ವಿವರಿಸುವಂತೆ ಸಮಿತಿಯವರು ಕೇಳಿದ್ದಾರೆ. ಶಾಲೆಯಲ್ಲಿ ಪಾಠ ಹೇಳಿದ ಅಭ್ಯಾಸದಿಂದ ಕಪ್ಪು ಹಲಗೆಯ ಮೇಲೆ ಬರೆದಂತೆ ಬಿಡಿಸಿ ಹೇಳುತ್ತೇನೆ.

ಬೆಂಗಳೂರಿಗೆ ಹೋದ ಹುಡುಗನೋ ಹುಡುಗಿಯೋ ಎರಡನೇ ಸೆಮಿಸ್ಟರಿನಲ್ಲಿ ಓದು ಬಿಟ್ಟು ಊರಿಗೆ ಬಂದರೆ, "ದುಡ್ಡು ಸಾಲಲಿಲ್ಲ" ಎಂದೋ "ದುಂದು ಮಾಡಿದ" ಎಂದೋ ನಾವು ಮಾತು ಮುಗಿಸುತ್ತೇವೆ. ಕೂತು ಲೆಕ್ಕ ಹಾಕಿದರೆ ಎಷ್ಟೋ ಸಲ ಎರಡೂ ನಿಜವಲ್ಲ. ವರ್ಷದ ಮೊತ್ತ ಸರಿಯಾಗಿಯೇ ಇರುತ್ತದೆ. ಬೇಕಾದ ತಿಂಗಳಿಗೆ ಅದು ಬಂದಿರುವುದಿಲ್ಲ, ಅಷ್ಟೇ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದು ಮಕ್ಕಳಿಗೆ ಹೇಳುತ್ತೇವೆ. ವಿದ್ಯಾರ್ಥಿಯ ಹಾಸಿಗೆ ವರ್ಷದುದ್ದಕ್ಕೂ ತುಂಡು ತುಂಡಾಗಿ ಬರುತ್ತದೆ ಎಂಬುದನ್ನೂ ಹೇಳಬೇಕು.

ದಿನದ ಹಣ, ತಿಂಗಳ ಹಣ, ವರ್ಷದ ಹಣ

ನಮ್ಮ ಊರುಗಳ ಬಹಳಷ್ಟು ಮನೆಗಳು ದಿನದ ಹಣದಲ್ಲಿ ನಡೆಯುತ್ತವೆ. ಶಿಡ್ಲಘಟ್ಟದ ರೀಲರ್ ಬೆಳಗ್ಗೆ ಮಾರುಕಟ್ಟೆಯ ಹರಾಜಿನಲ್ಲಿ ರೇಷ್ಮೆಗೂಡು ಕೊಳ್ಳುತ್ತಾನೆ, ನೂಲು ತೆಗೆಸುತ್ತಾನೆ, ಅದನ್ನು ಮಾರಿ ಮತ್ತೆ ಗೂಡಿಗೆ ಬಂಡವಾಳ ಹೊಂದಿಸುತ್ತಾನೆ. ಚಿಂತಾಮಣಿಯ ಟೊಮೆಟೊ ಮಂಡಿಯ ಹಮಾಲಿಗೆ ಅಂದಿನ ಕೂಲಿ ಅಂದೇ ಸಿಗುತ್ತದೆ. ಚಿಕ್ಕಬಳ್ಳಾಪುರದ ಹೂವಿನ ವ್ಯಾಪಾರಿಗೂ ಅಷ್ಟೇ, ಸಂಜೆಯ ಹೊತ್ತಿಗೆ ಅಂದಿನ ಲಾಭ ನಷ್ಟ ಗೊತ್ತಾಗುತ್ತದೆ. ಗೌರಿಬಿದನೂರಿನ ಕಾರ್ಖಾನೆಗೆ ಹೋಗುವವರ ಮನೆಯಲ್ಲಿ ತಿಂಗಳ ಸಂಬಳ ಇರಬಹುದು. ಅಲ್ಲಿಯೂ ಮೇಲುಖರ್ಚು ನಡೆಯುವುದು ಅಂಗಡಿಯ ಉದ್ರಿ ಪುಸ್ತಕದಲ್ಲಿ.

ಈ ಮನೆಗಳ ಮಕ್ಕಳಿಗೆ ಹಣದ ಬೆಲೆ ಗೊತ್ತಿಲ್ಲ ಎನ್ನುವವರು ಅವರನ್ನು ನೋಡಿಲ್ಲ. ಹತ್ತು ರೂಪಾಯಿಗೆ ಚೌಕಾಸಿ ಮಾಡುವುದು ಅವರಿಗೆ ಚೆನ್ನಾಗಿ ಗೊತ್ತು. ಹನ್ನೆರಡು ಸಾವಿರ ಒಟ್ಟಿಗೆ ಬಂದಾಗ ಅದನ್ನು ತಿಂಗಳುಗಳಿಗೆ ಹಂಚುವುದು ಮಾತ್ರ ಗೊತ್ತಿರುವುದಿಲ್ಲ, ಏಕೆಂದರೆ ಮನೆಯಲ್ಲಿ ಅಂಥ ಹಣ ಹಾಗೆ ಬಂದೇ ಇರುವುದಿಲ್ಲ. ವಿದ್ಯಾರ್ಥಿವೇತನ ವರ್ಷಕ್ಕೊಮ್ಮೆ ಬರುತ್ತದೆ, ಬಾಡಿಗೆ ತಿಂಗಳಿಗೊಮ್ಮೆ ಹೋಗುತ್ತದೆ, ಹೊಟ್ಟೆ ದಿನಕ್ಕೆ ಮೂರು ಸಲ ಕೇಳುತ್ತದೆ. ಈ ಮೂರು ಬಗೆಯ ಕಾಲವನ್ನು ಹೊಂದಿಸುವುದೇ ಸ್ವತಂತ್ರವಾಗಿ ಬದುಕಲು ಬೇಕಾದ ಮೊದಲ ಕಲಿಕೆ.

ನಮ್ಮ ಜಿಲ್ಲೆಯವರಿಗೆ ಇದನ್ನು ಹೇಳಲು ಕೆರೆಯ ಉದಾಹರಣೆ ಸಾಕು. ನಂದಿಬೆಟ್ಟದ ಸುತ್ತ ನದಿಗಳು ಹುಟ್ಟುತ್ತವೆ, ಆದರೆ ಯಾವುದೂ ವರ್ಷವಿಡೀ ಹರಿಯುವುದಿಲ್ಲ. ಕೆಲವೇ ವಾರ ಸುರಿಯುವ ಮಳೆಯನ್ನು ಕೆರೆಯಲ್ಲಿ ನಿಲ್ಲಿಸಿ, ತೂಬಿನಿಂದ ಅಳತೆಯಲ್ಲಿ ಬಿಟ್ಟು ನಮ್ಮ ಹಿರಿಯರು ಬೆಳೆ ತೆಗೆದರು. ತೂಬು ತೆಗೆಯುವ, ಮುಚ್ಚುವ ಹೊಣೆ ನೀರಗಂಟಿಯದು. ಊರು ಬಿಟ್ಟು ಹೋಗುವ ವಿದ್ಯಾರ್ಥಿ ತನ್ನ ಹಣಕ್ಕೆ ತಾನೇ ನೀರಗಂಟಿ ಆಗಬೇಕು.

ಒಂದು ವರ್ಷದ ಲೆಕ್ಕ

ಶಿಡ್ಲಘಟ್ಟದ ಒಬ್ಬ ವಿದ್ಯಾರ್ಥಿನಿ ಬೆಂಗಳೂರಿನಲ್ಲಿ ಪದವಿಗೆ ಸೇರಿ, ಇನ್ನಿಬ್ಬರ ಜೊತೆ ಕೋಣೆ ಮಾಡಿಕೊಂಡಿದ್ದಾಳೆ ಎಂದಿಟ್ಟುಕೊಳ್ಳಿ. ಕಾಲೇಜು ಶುಲ್ಕವನ್ನು ಮನೆಯವರು ಬೇರೆ ಕಟ್ಟಿದ್ದಾರೆ. ಕೆಳಗಿನವು ಕಲಿಯಲು ಹಾಕಿದ ಉದಾಹರಣೆಯ ಅಂಕಿಗಳು. ನಿಮ್ಮ ಅಂಕಿಗಳನ್ನು ನೀವೇ ತುಂಬಿಕೊಳ್ಳಬೇಕು.

ತಿಂಗಳ ಖರ್ಚು:
ಬಾಡಿಗೆಯ ಪಾಲು – 3,000
ಅಡುಗೆ ಸಾಮಾನು, ಗ್ಯಾಸ್ – 2,800
ಕರೆಂಟು, ನೀರು – 250
ಫೋನ್ – 300
ಆಟೋ ಮುಂತಾದ ಓಡಾಟ – 150
ಸೋಪು, ಬಟ್ಟೆ, ಇತರೆ – 400
ನೋಟ್ಸ್, ಝೆರಾಕ್ಸ್ – 350
ಔಷಧಿಗೆ ಎತ್ತಿಡುವುದು – 200
ಒಟ್ಟು – 7,450 ರೂಪಾಯಿ

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲವಾದ್ದರಿಂದ ಬಸ್ಸಿನ ಖರ್ಚು ಹಿಡಿದಿಲ್ಲ. ಹುಡುಗರು ವಿದ್ಯಾರ್ಥಿ ಪಾಸಿನ ಹಣವನ್ನೂ ಊರಿಗೆ ಬಂದುಹೋಗುವ ಖರ್ಚನ್ನೂ ಸೇರಿಸಬೇಕು.

ತರಗತಿ ನಡೆಯುವ 10 ತಿಂಗಳಿಗೆ 74,500 ಆಯಿತು. ರಜೆಯ 2 ತಿಂಗಳು ಊರಿನಲ್ಲಿದ್ದರೂ ಬಾಡಿಗೆ ನಿಲ್ಲುವುದಿಲ್ಲ, ಅದು 6,000. ಹೆಚ್ಚಿನ ಮಕ್ಕಳು ಮರೆಯುವ ಸಾಲು ಇದೇ. ಕೋಣೆಯ ಮುಂಗಡದ ಪಾಲು 9,000, ಪಾತ್ರೆ, ಒಲೆ, ಹಾಸಿಗೆಗೆ 5,000, ಎರಡು ಸಲದ ಪರೀಕ್ಷಾ ಶುಲ್ಕ 3,000. ವರ್ಷದ ಒಟ್ಟು ಖರ್ಚು 97,500 ರೂಪಾಯಿ.

ಈಗ ಜಮಾ. ಮನೆಯಿಂದ ತಿಂಗಳಿಗೆ 5,000ದಂತೆ 60,000. ಟ್ರಸ್ಟಿನಿಂದ 12,000. ಸರ್ಕಾರದ ವಿದ್ಯಾಸಿರಿಯಿಂದ ತಿಂಗಳಿಗೆ 1,500ರಂತೆ 10 ತಿಂಗಳಿಗೆ 15,000 (ಈ ವರ್ಷದ ದರವನ್ನು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ). ನಾಲ್ಕನೇ ತಿಂಗಳಿನಿಂದ ಸಂಜೆ ಚಿಕ್ಕ ಮಕ್ಕಳಿಗೆ ಮನೆಪಾಠ ಹೇಳಿ 1,500ರಂತೆ 7 ತಿಂಗಳು, 10,500. ಒಟ್ಟು ಜಮಾ 97,500 ರೂಪಾಯಿ.

ಜಮಾ ಮತ್ತು ಖರ್ಚು ಒಂದು ರೂಪಾಯಿಯೂ ವ್ಯತ್ಯಾಸವಿಲ್ಲದೆ ಹೊಂದಿದವು. ವರ್ಷದ ಲೆಕ್ಕ ಮಾತ್ರ ನೋಡುವವರು "ಹುಡುಗಿ ಆರಾಮವಾಗಿದ್ದಾಳೆ" ಎನ್ನುತ್ತಾರೆ.

ತಗ್ಗು ಎಲ್ಲಿದೆ?

ಅದೇ ಲೆಕ್ಕವನ್ನು ತಿಂಗಳ ಪ್ರಕಾರ ಬರೆಯೋಣ. ಮೊದಲ ತಿಂಗಳೇ ಮುಂಗಡ, ಪಾತ್ರೆ, ತಿಂಗಳ ಖರ್ಚು ಸೇರಿ 21,450 ಬೇಕು. ಮನೆಯಿಂದ ಬಂದದ್ದು 5,000. ಟ್ರಸ್ಟಿನ 12,000 ಅದೇ ತಿಂಗಳು ಸಿಕ್ಕಿತು ಎಂದರೂ 4,450 ಕಡಿಮೆ. ಎರಡನೇ ಮತ್ತು ಮೂರನೇ ತಿಂಗಳು 2,450ರಂತೆ ಕೊರತೆ ಬೆಳೆಯುತ್ತದೆ. ಮನೆಪಾಠ ಶುರುವಾದ ಮೇಲೆ ತಿಂಗಳ ಕೊರತೆ 950ಕ್ಕೆ ಇಳಿಯುತ್ತದೆ, ಆದರೆ ನಿಲ್ಲುವುದಿಲ್ಲ. ಐದನೇ ತಿಂಗಳು ಪರೀಕ್ಷಾ ಶುಲ್ಕ ಬೇರೆ. ವಿದ್ಯಾಸಿರಿ ಒಂಬತ್ತನೇ ತಿಂಗಳು ಬಂದಿತು ಎಂದು ಹಿಡಿದರೆ, ಎಂಟನೇ ತಿಂಗಳ ಕೊನೆಗೆ ಅವಳ ಒಟ್ಟು ಕೊರತೆ 15,600 ರೂಪಾಯಿ. ಆಮೇಲೆ ವಿದ್ಯಾಸಿರಿ ಬರುತ್ತದೆ. ರಜೆಯ ಎರಡು ತಿಂಗಳು ಮನೆಯ 5,000ದಲ್ಲಿ ಬಾಡಿಗೆ ಕಳೆದು 2,000ದಂತೆ ಉಳಿಯುತ್ತದೆ. ಹನ್ನೆರಡನೇ ತಿಂಗಳಿಗೆ ಎಲ್ಲ ಸರಿಹೋಗುತ್ತದೆ.

ಪ್ರಶ್ನೆ ಇಷ್ಟೇ: ಎಂಟನೇ ತಿಂಗಳು ದಾಟುವವರೆಗೆ ಅವಳು ಕಾಲೇಜಿನಲ್ಲಿ ಉಳಿಯುತ್ತಾಳೆಯೇ?

ಇನ್ನೊಂದು ಸಣ್ಣ ಬದಲಾವಣೆ ಮಾಡಿ ನೋಡಿ. ಟ್ರಸ್ಟಿನ ಅದೇ 12,000 ಮೊದಲ ತಿಂಗಳ ಬದಲು ಆರನೇ ತಿಂಗಳು ಸಿಕ್ಕಿತು ಎನ್ನಿ. ಬೇರೆ ಯಾವ ಅಂಕಿಯೂ ಬದಲಾಗಿಲ್ಲ. ಈಗ ಐದನೇ ತಿಂಗಳ ಕೊನೆಗೆ ಕೊರತೆ 24,750 ರೂಪಾಯಿ. ಹಣ ಅಷ್ಟೇ, ತಗ್ಗು ಮಾತ್ರ ಒಂಬತ್ತು ಸಾವಿರಕ್ಕೂ ಹೆಚ್ಚು ಆಳವಾಯಿತು.

ತಗ್ಗನ್ನು ದಾಟುವ ದಾರಿ

ಮೊದಲನೆಯದು ಹಾಸ್ಟೆಲ್. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯದಲ್ಲಿ ಜಾಗ ಸಿಕ್ಕರೆ ಬಾಡಿಗೆ, ಊಟ, ಕರೆಂಟು ಮೂರೂ ಇಲ್ಲ. ನಮ್ಮ ಉದಾಹರಣೆಯಲ್ಲಿ ತಿಂಗಳ ಖರ್ಚು 1,400ಕ್ಕೂ, ಪರೀಕ್ಷಾ ಶುಲ್ಕ ಸೇರಿ ವರ್ಷದ ಖರ್ಚು 17,000ಕ್ಕೂ ಇಳಿಯುತ್ತದೆ. ವಿದ್ಯಾಸಿರಿ ಇರುವುದು ಹಾಸ್ಟೆಲ್ ಸಿಗದವರಿಗೆ, ಆದ್ದರಿಂದ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಅರ್ಜಿಯ ದಿನಾಂಕ ತಪ್ಪಿಸಬೇಡಿ.

ಎರಡನೆಯದು ಹೊರಡುವ ಮುಂಚಿನ ತಯಾರಿ. ಪಾತ್ರೆ, ಚಾದರ, ಬಕೆಟ್ಟು ಮನೆಯಿಂದಲೇ ಹೋಗಲಿ. ಪರೀಕ್ಷೆ ಮುಗಿದು ಕಾಲೇಜು ಶುರುವಾಗುವ ನಡುವಿನ ತಿಂಗಳುಗಳಲ್ಲಿ ಮಕ್ಕಳು ದುಡಿದದ್ದನ್ನು ಹೊಸ ಫೋನಿಗೆ ಹಾಕದೆ ಮುಂಗಡಕ್ಕೆ ಎತ್ತಿಡಿ.

ಮೂರನೆಯದು ಓದಿಗೆ ಅಡ್ಡಿಯಾಗದ ದುಡಿಮೆ. ನಮ್ಮ ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ತಮ್ಮ ಖರ್ಚು ನೋಡಿಕೊಂಡರು. 1881ರಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದರು. ವಿದ್ಯಾರ್ಥಿವೇತನದಲ್ಲಿ ಓದುವುದು ಕೀಳರಿಮೆಯ ವಿಷಯ ಎಂದು ಯಾವ ಮಗುವಿಗಾದರೂ ಅನಿಸಿದರೆ ಈ ಮಾತು ನೆನಪಿರಲಿ. ಆದರೆ ದುಡಿಮೆಗೂ ಮಿತಿ ಇರಲಿ. ರಾತ್ರಿ ಹನ್ನೊಂದರವರೆಗೆ ಡೆಲಿವರಿ ಮಾಡಿ ಬೆಳಗ್ಗೆ ಹಾಜರಾತಿ ಕಳೆದುಕೊಂಡರೆ ವಿದ್ಯಾರ್ಥಿವೇತನವೂ ಕೈತಪ್ಪಬಹುದು.

ನಾಲ್ಕನೆಯದು ಕರ್ಜೆ ಹಸನಾ, ಅಂದರೆ ಬಡ್ಡಿಯಿಲ್ಲದ ಕೈಸಾಲ. ಚಿಕ್ಕಪ್ಪನೋ ಸೋದರಮಾವನೋ ಹತ್ತು ಸಾವಿರ ಕೊಡುವವರಿದ್ದರೆ, "ವಿದ್ಯಾಸಿರಿ ಬಂದ ತಿಂಗಳು ಇಷ್ಟು, ರಜೆಯಲ್ಲಿ ಇಷ್ಟು ಹಿಂತಿರುಗಿಸುತ್ತೇನೆ" ಎಂದು ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿ. ನಮ್ಮವರ ನಡುವೆ ಬರಹ ಯಾಕೆ ಎಂದು ಸಂಕೋಚ ಬೇಡ. ಕುರ್‌ಆನಿನ ಅತ್ಯಂತ ದೀರ್ಘವಾದ ಆಯತ್, ಸೂರಃ ಅಲ್-ಬಕರದ 282ನೆಯದು, ಸಾಲವನ್ನು ಬರೆದಿಡುವುದರ ಬಗ್ಗೆಯೇ ಇದೆ. ಬರೆದ ಸಾಲ ಸಂಬಂಧವನ್ನೂ ಉಳಿಸುತ್ತದೆ.

ದಾರಿ ಅಲ್ಲದ್ದು ಒಂದಿದೆ. ಐದು ನಿಮಿಷದಲ್ಲಿ ಸಾಲ ಕೊಡುವ ಫೋನ್ ಆ್ಯಪ್‌ಗಳು. ಕೆಲವೇ ದಿನಗಳ ಅವಧಿ, ಕೊಡುವಾಗಲೇ ಕಡಿತ, ಬಡ್ಡಿ, ದಂಡ, ಕೊನೆಗೆ ಫೋನಿನಲ್ಲಿರುವ ಬಂಧುಗಳಿಗೆಲ್ಲ ಕರೆ ಮಾಡಿ ಮಾನ ಕಳೆಯುವುದು. ಯಾವ ಮಗುವಾದರೂ ಇದರಲ್ಲಿ ಸಿಕ್ಕಿಕೊಂಡರೆ ಬೈಯುವ ಮೊದಲು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೆದರಿಕೆ ಅಥವಾ ಮೋಸ ನಡೆದಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ಕೊಡಿ. ಮನೆಯವರ ಕೋಪಕ್ಕೆ ಹೆದರಿ ಮುಚ್ಚಿಡುವ ಮಕ್ಕಳೇ ಇನ್ನೂ ಆಳಕ್ಕೆ ಇಳಿಯುತ್ತಾರೆ.

ಖಾತೆ ಮತ್ತು ಪುಸ್ತಕ

ಬಂದ ಹಣಕ್ಕೆ ತೂಬು ಇಡುವುದು ಹೇಗೆ? ಎರಡು ಖಾತೆ ಇಟ್ಟುಕೊಳ್ಳಿ. ಒಂದು ಕೆರೆ, ಇನ್ನೊಂದು ಕಾಲುವೆ. ವಿದ್ಯಾರ್ಥಿವೇತನ ಮತ್ತು ದೊಡ್ಡ ಮೊತ್ತಗಳು ಕೆರೆಯ ಖಾತೆಗೆ ಬರಲಿ. ಅದಕ್ಕೆ ಫೋನ್ ಪಾವತಿ ಜೋಡಿಸಬೇಡಿ. ತಿಂಗಳ ಒಂದನೇ ತಾರೀಖು ಆ ತಿಂಗಳ ಪಾಲನ್ನು ಮಾತ್ರ ಕಾಲುವೆಯ ಖಾತೆಗೆ ಹಾಕಿಕೊಳ್ಳಿ. ಅಂಗಡಿಯಲ್ಲಿ ಸ್ಕ್ಯಾನ್ ಮಾಡುವುದು ಅದರಿಂದಲೇ. ಕನಿಷ್ಠ ಮೊತ್ತ ಇಡಬೇಕಿಲ್ಲದ ಮೂಲ ಉಳಿತಾಯ ಖಾತೆಯನ್ನು ಬ್ಯಾಂಕಿನಲ್ಲಿ ಕೇಳಿ ಪಡೆಯಬಹುದು. ಅಂಚೆ ಕಚೇರಿಯ ಉಳಿತಾಯ ಖಾತೆಯನ್ನು 500 ರೂಪಾಯಿಗೆ ತೆರೆಯಬಹುದು.

ಇಲ್ಲಿ ಒಂದು ಎಚ್ಚರಿಕೆ. ಸರ್ಕಾರದ ವಿದ್ಯಾರ್ಥಿವೇತನ ಆಧಾರ್ ಜೋಡಣೆಯಾದ ಖಾತೆಗೆ ಹೋಗುತ್ತದೆ, ಮತ್ತು ಒಂದು ಸಮಯಕ್ಕೆ ಒಂದೇ ಖಾತೆ ಹಾಗೆ ಜೋಡಣೆಯಾಗಿರುತ್ತದೆ. ಬೆಂಗಳೂರಿನಲ್ಲಿ ಹೊಸ ಖಾತೆ ತೆರೆದು ಅಲ್ಲಿ ಆಧಾರ್ ಜೋಡಿಸಿದರೆ ಹಣ ಊರಿನ ಖಾತೆಗೆ ಬರದೆ ಹೊಸದಕ್ಕೆ ಹೋಗುತ್ತದೆ. "ಹಣ ಬಂದಿಲ್ಲ" ಎಂದು ಕಚೇರಿ ಅಲೆಯುವ ಮೊದಲು ಇದನ್ನು ನೋಡಿ. ಹಾಗೆಯೇ ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಆಧಾರ್, ಬ್ಯಾಂಕ್ ಪುಸ್ತಕ ಮೂರರಲ್ಲೂ ಹೆಸರು ಅಕ್ಷರ ಅಕ್ಷರಕ್ಕೂ ಒಂದೇ ಇರಲಿ. ಒಂದರಲ್ಲಿ ಮೊಹಮ್ಮದ್, ಇನ್ನೊಂದರಲ್ಲಿ ಬರೀ ಎಂ., ಒಂದರಲ್ಲಿ ಬೇಗಂ, ಇನ್ನೊಂದರಲ್ಲಿ ಬಾನು ಇದ್ದರೆ ಹಣ ತಡವಾಗುತ್ತದೆ. ತಡವಾದ ಹಣ ಎಷ್ಟು ಆಳದ ತಗ್ಗು ಮಾಡುತ್ತದೆ ಎಂದು ಮೇಲೆ ನೋಡಿದಿರಿ.

ಪುಸ್ತಕ ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಸಾಕು. ತಾರೀಖು, ವಿವರ, ಜಮಾ, ಖರ್ಚು, ಉಳಿಕೆ ಎಂದು ಐದು ಕಲಂ. ಫೋನಿನಲ್ಲಿ ಪಾವತಿಯ ಪಟ್ಟಿ ತಾನೇ ಇರುತ್ತದಲ್ಲ ಎಂದು ಮಕ್ಕಳು ಕೇಳುತ್ತಾರೆ. ಇರುತ್ತದೆ, ಆದರೆ ಅದು ಹಿಂದಿನದನ್ನು ಮಾತ್ರ ಹೇಳುತ್ತದೆ. ಪುಸ್ತಕದ ಕೊನೆಯ ಪುಟದಲ್ಲಿ ಮುಂದಿನ ಹನ್ನೆರಡು ತಿಂಗಳ ಹೆಸರು ಬರೆದು, ಯಾವ ತಿಂಗಳು ಯಾವ ದೊಡ್ಡ ಖರ್ಚು ಬರುತ್ತದೆ ಎಂದು ಮೊದಲೇ ಗುರುತು ಮಾಡಿ. ರಂಜಾನ್ ಮತ್ತು ಈದಿನ ಬಟ್ಟೆ, ಊರಿನ ಓಡಾಟ ಅಲ್ಲಿ ಬರಲಿ. ಆ ತಿಂಗಳು ಪ್ರತಿ ವರ್ಷ ಹತ್ತು–ಹನ್ನೊಂದು ದಿನ ಹಿಂದಕ್ಕೆ ಸರಿಯುವುದರಿಂದ ಕಳೆದ ವರ್ಷದ ಪುಟವನ್ನು ನೋಡಿ ಬರೆದರೆ ಆಗುವುದಿಲ್ಲ.

ಮೊದಲ ಸಂಬಳ

ಓದು ಮುಗಿದು ಕೆಲಸ ಸಿಕ್ಕ ಮೇಲೂ ಪಾಠ ಇದೇ. "ಹದಿನೆಂಟು ಸಾವಿರ ಸಂಬಳ" ಎಂದ ಕೂಡಲೇ ಮನೆಯಲ್ಲಿ ಹದಿನೆಂಟು ಸಾವಿರಕ್ಕೆ ಯೋಜನೆ ಶುರುವಾಗುತ್ತದೆ. ಮೂಲವೇತನ 15,000 ಇದ್ದರೆ ಅದರ ಶೇ. 12ರಂತೆ ಭವಿಷ್ಯನಿಧಿಗೆ 1,800 ಹೋಗುತ್ತದೆ. ಇ.ಎಸ್.ಐ.ಗೆ 18,000ದ ಶೇ. 0.75, ಅಂದರೆ 135. ಕೈಗೆ ಬರುವುದು 16,065. ಭವಿಷ್ಯನಿಧಿ ನಿಮ್ಮದೇ ಉಳಿತಾಯ, ಇ.ಎಸ್.ಐ. ನಿಮ್ಮದೇ ಚಿಕಿತ್ಸೆಗೆ. ಇವು ನಷ್ಟವಲ್ಲ, ಆದರೆ ಬಾಡಿಗೆ ಕಟ್ಟಲು ಸಿಗುವ ಹಣವೂ ಅಲ್ಲ.

ಇನ್ನೂ ಮುಖ್ಯವಾದದ್ದು, ಸಂಬಳ ಬರುವುದು ತಿಂಗಳು ದುಡಿದ ಮೇಲೆ. ಹೊಸ ಊರಿನಲ್ಲಿ ಮುಂಗಡ, ಬಾಡಿಗೆ, ಊಟ ಮೊದಲ ದಿನದಿಂದಲೇ ಬೇಕು. ಮತ್ತೆ ಅದೇ ತಗ್ಗು. ಓದಿನ ಕೊನೆಯ ವರ್ಷದಲ್ಲಿ ಒಂದೂವರೆ ತಿಂಗಳ ಖರ್ಚಿನಷ್ಟು ಕೆರೆಯಲ್ಲಿ ಉಳಿಸಿಕೊಂಡವರು ಸಿಕ್ಕ ಒಳ್ಳೆಯ ಕೆಲಸವನ್ನು ದೂರದ ಊರು ಎಂದು ಬಿಡಬೇಕಾಗುವುದಿಲ್ಲ. ಅರಿವು ಯೋಜನೆಯಲ್ಲಿ ಓದಿದವರು ಅದು ಸಾಲ ಎಂಬುದನ್ನು ನೆನಪಿಟ್ಟು, ಮರುಪಾವತಿಯ ಕಂತನ್ನೂ ಸಂಬಳದ ಪುಟದಲ್ಲಿ ಬರೆದುಕೊಳ್ಳಬೇಕು.

ಮನೆಯವರಿಗೆ

ಹದಿನೆಂಟು ವರ್ಷ ಅಂಗಡಿಗೆ ಚೀಟಿ ಹಿಡಿದು ಮಾತ್ರ ಹೋದ ಮಗು ಹತ್ತೊಂಬತ್ತನೇ ವರ್ಷ ಒಂದು ಮನೆ ನಡೆಸಲಾರದು. ಒಂಬತ್ತನೇ ತರಗತಿಯಲ್ಲಿ ಒಂದು ವಾರದ ಹಾಲು ತರಕಾರಿಯ ಹಣ ಕೊಟ್ಟು ಲೆಕ್ಕ ಕೇಳಿ. ಪಿಯುಸಿಯಲ್ಲಿ ಒಂದು ತಿಂಗಳ ರೇಷನ್ ಅವರೇ ತರಲಿ. ಲೆಕ್ಕ ಐವತ್ತು ರೂಪಾಯಿ ತಪ್ಪಿದರೆ ತಪ್ಪಲಿ, ಅದು ಅಗ್ಗದ ಪಾಠ. ಗೃಹಜ್ಯೋತಿಯಿಂದ ಸೊನ್ನೆ ಬಿಲ್ ಬರುವ ಮನೆಯಲ್ಲೂ ಎಷ್ಟು ಯುನಿಟ್ ಓಡಿದೆ ಎಂದು ಮಕ್ಕಳಿಗೆ ತೋರಿಸಿ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಅವರ ಹೆಸರಿನ ಖಾತೆಯ ಕಾರ್ಡು ಅಣ್ಣನ ಜೇಬಿನಲ್ಲಿ, ಫೋನ್ ನಂಬರು ಅಪ್ಪನದು ಎಂದಿದ್ದರೆ ಅವಳು ಲೆಕ್ಕ ಕಲಿಯುವುದು ಯಾವಾಗ? ಖಾತೆ ಅವಳದು, ನಂಬರು ಅವಳದು, ಹೊಣೆಯೂ ಅವಳದಾಗಲಿ. ನೀವು ತಿಂಗಳಿಗೊಮ್ಮೆ ಪುಸ್ತಕ ನೋಡಿ, ಸಾಕು.

ದಾನಿಗಳಿಗೆ

ಝಕಾತಿನ ವರ್ಷ ಚಂದ್ರಮಾನದ್ದು. ನಮ್ಮಲ್ಲಿ ಬಹುತೇಕ ಎಲ್ಲರೂ ಕೊಡುವುದು ರಂಜಾನಿನಲ್ಲಿ. ರಂಜಾನ್ ಸರಿಯುತ್ತ ಹೋಗುತ್ತದೆ, ಕಾಲೇಜಿನ ಪ್ರವೇಶದ ಕಾಲ ಹಾಗೆ ಸರಿಯುವುದಿಲ್ಲ. 2026ರಲ್ಲಿ ರಂಜಾನ್ ಫೆಬ್ರವರಿ–ಮಾರ್ಚ್‌ಗೆ ಬೀಳುತ್ತದೆ. 2030ರಲ್ಲಿ ಜನವರಿಯಲ್ಲಿ ಒಮ್ಮೆ, ಡಿಸೆಂಬರ್ ಕೊನೆಗೆ ಮತ್ತೊಮ್ಮೆ ಶುರುವಾಗಲಿದೆ. ಅಂದರೆ ನಿಮ್ಮ ಹಣ ಬರುವ ಕಾಲಕ್ಕೂ ಮಕ್ಕಳಿಗೆ ಅದು ಬೇಕಾಗುವ ಕಾಲಕ್ಕೂ ಅಂತರ ಇನ್ನೂ ಹೆಚ್ಚುತ್ತದೆ. ಆದ್ದರಿಂದ ನಿಮ್ಮ ಸದಕಾ ಮತ್ತು ಇತರ ದೇಣಿಗೆಯ ಸ್ವಲ್ಪ ಭಾಗವನ್ನು ಪ್ರವೇಶದ ತಿಂಗಳಿಗೆ ಎತ್ತಿಡಿ ಎಂದು ನನ್ನ ವಿನಂತಿ. ಝಕಾತನ್ನು ಮುಂಗಡವಾಗಿ ಕೊಡುವ ವಿಚಾರವನ್ನು ನಿಮ್ಮ ಆಲಿಮರಲ್ಲಿ ಕೇಳಿ ತಿಳಿಯಿರಿ. ಹೆಚ್ಚು ಕೊಡಲಾಗದವರೂ ಹೊತ್ತಿಗೆ ಕೊಟ್ಟರೆ ಹೆಚ್ಚು ಕೊಟ್ಟಂತೆಯೇ. ಉದಾಹರಣೆಯ ಹುಡುಗಿಯ 15,600 ಮತ್ತು 24,750ರ ವ್ಯತ್ಯಾಸ ನಿಮ್ಮ ಕಣ್ಣ ಮುಂದಿದೆ.

ಅರ್ಜಿದಾರರಿಗೆ

ಮುಂದಿನ ಸಾಲಿನ ಅರ್ಜಿಯ ಜೊತೆಗೆ, ವಿದ್ಯಾರ್ಥಿಯೇ ಸ್ವಂತ ಕೈಬರಹದಲ್ಲಿ ಒಂದು ಪುಟದ ಹನ್ನೆರಡು ತಿಂಗಳ ಜಮಾ–ಖರ್ಚು ಬರೆದು ಲಗತ್ತಿಸಲಿ. ಕನ್ನಡ, ಉರ್ದು, ಇಂಗ್ಲಿಷ್ ಯಾವುದರಲ್ಲಾದರೂ ಸರಿ. ಅಂಕಿಗಳು ಚಂದವಾಗಿ ಹೊಂದಬೇಕೆಂದಿಲ್ಲ. ಯಾವ ತಿಂಗಳು ಎಷ್ಟು ಕಡಿಮೆ ಬೀಳುತ್ತದೆ ಎಂದು ಪ್ರಾಮಾಣಿಕವಾಗಿ ಬರೆದರೆ ಸಾಕು. ಆ ಪುಟ ನೋಡಿದರೆ ಯಾರಿಗೆ ಎಷ್ಟು ಎನ್ನುವುದರ ಜೊತೆಗೆ ಯಾವಾಗ ಕೊಡಬೇಕು ಎಂಬುದನ್ನೂ ಸಮಿತಿ ತೀರ್ಮಾನಿಸಬಹುದು.

ಅಲ್ಲಾಹನು ನಿಮ್ಮ ದಾನವನ್ನು ಸ್ವೀಕರಿಸಲಿ, ನಮ್ಮ ಮಕ್ಕಳ ಓದು ಪೂರ್ತಿಯಾಗಲಿ.

– ನಿವೃತ್ತ ಶಿಕ್ಷಕರು, ವಿದ್ಯಾರ್ಥಿವೇತನ ಸಮಿತಿಯ ಪರವಾಗಿ